ಒಂದೇ ಇಂಜಿನ್ನಿನ ಮೇಲೆ

ಗೆಳೆಯಾ,

ಹೋದ ಸಲ ಗ್ಯಾರೇಜಿಗೆ ಬಂದಾಗ ನೀನು ಒಂದು ಟಿಪ್ಪರ್ ಇಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದೆ. ಸವೆದ ಬೇರಿಂಗ್ ಒಂದನ್ನು ನನ್ನ ಅಂಗೈಮೇಲಿಟ್ಟು, "ಇಷ್ಟೇ ನೋಡು, ಇದು ಕೈಕೊಟ್ಟರೆ ಮುಗೀತು" ಎಂದಿದ್ದೆ. ಮೊನ್ನೆ ಲೆಸ್ಲಿ ಮ್ಯಾನ್ಸರ್ ಎಂಬ ಬಾಂಬರ್ ಪೈಲಟ್ ಬಗ್ಗೆ ಓದುವಾಗ ಆ ಮಾತು ನೆನಪಾಯಿತು. ಯುದ್ಧದ ಕತೆ ನಿನಗೆ ಆಗಿಬರಲ್ಲ, ಗೊತ್ತು. ಇಂಜಿನ್ ಕತೆ ಅಂದುಕೊಂಡು ಓದು.

ಹುಡುಗ ಹುಟ್ಟಿದ್ದು ನಮ್ಮ ಹೊಸದಿಲ್ಲಿಯಲ್ಲಿ, 1922ರ ಮೇ 11ರಂದು. ಅಪ್ಪ ಇಲ್ಲಿನ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಇಂಜಿನಿಯರ್. ಮ್ಯಾನ್ಸರ್ ಶಾಲೆ ಮುಗಿಸಿದ್ದು ಇಂಗ್ಲೆಂಡಿನಲ್ಲಿ. ಎರಡನೇ ಮಹಾಯುದ್ಧ ಬಂದಾಗ ಬ್ರಿಟನ್ನಿನ ಭೂಸೇನೆಗೆ ಪ್ರಯತ್ನಿಸಿದ, ಆಗಲಿಲ್ಲ. ನೌಕಾಪಡೆಗೂ ಪ್ರಯತ್ನಿಸಿದ, ಅಲ್ಲೂ ಆಗಲಿಲ್ಲ. ಕೊನೆಗೆ 1940ರ ಆಗಸ್ಟಿನಲ್ಲಿ ವಾಯುಪಡೆಯವರು ಸೇರಿಸಿಕೊಂಡರು.

ಅವನ ಪಾಲಿಗೆ ಬಂದದ್ದು ಆವ್ರೋ ಮ್ಯಾಂಚೆಸ್ಟರ್ ಎಂಬ ವಿಮಾನ. ಇಲ್ಲಿ ನಿನ್ನ ಕಿವಿ ನೆಟ್ಟಗಾಗಬೇಕು. ಎರಡು ರೆಕ್ಕೆಗೆ ಒಂದೊಂದು ರೋಲ್ಸ್ ರಾಯ್ಸ್ ವಲ್ಚರ್ ಇಂಜಿನ್. ಒಂದು ವಿ-12 ಇಂಜಿನ್ನಿನ ಕೆಳಗೆ ಇನ್ನೊಂದನ್ನು ತಲೆಕೆಳಗಾಗಿ ಜೋಡಿಸಿ, ಎರಡಕ್ಕೂ ಸೇರಿ ಒಂದೇ ಕ್ರ್ಯಾಂಕ್ ಶಾಫ್ಟ್ ಕೊಟ್ಟರೆ ಹೇಗಿರುತ್ತದೆ? ಹಾಗೆ. ಎದುರಿನಿಂದ ನೋಡಿದರೆ ಎಕ್ಸ್ ಆಕಾರ. ಒಟ್ಟು 24 ಸಿಲಿಂಡರ್. ಒಂದೊಂದು ಕ್ರ್ಯಾಂಕ್ ಪಿನ್ನಿಗೂ ನಾಲ್ಕು ನಾಲ್ಕು ಕನೆಕ್ಟಿಂಗ್ ರಾಡ್. ಆ ರಾಡುಗಳು ಪಿನ್ನಿಗೆ ಕೂರುವ ಜಾಗದ ಬಿಗ್ ಎಂಡ್ ಬೇರಿಂಗುಗಳಿಗೆ ಆಯಿಲ್ ಸರಿಯಾಗಿ ಸಿಗದೆ, ಹಾರುತ್ತಿರುವಾಗಲೇ ಸೀಯುತ್ತಿದ್ದವು. ಒಂದು ಇಂಜಿನ್ ನಿಂತರೆ ಉಳಿದೊಂದು ಆ ಭಾರವನ್ನು ಎತ್ತರದಲ್ಲಿ ಹಿಡಿದಿಡುವುದು ಹೆಚ್ಚುಕಡಿಮೆ ಆಗದ ಮಾತು. ಆಮೇಲೆ ಅದೇ ವಿಮಾನದ ರೆಕ್ಕೆ ಉದ್ದ ಮಾಡಿ, ನಾಲ್ಕು ಮರ್ಲಿನ್ ಇಂಜಿನ್ ಕೂರಿಸಿದರು. ಅದೇ ಹೆಸರುವಾಸಿ ಲ್ಯಾಂಕಾಸ್ಟರ್. 7,000ಕ್ಕೂ ಜಾಸ್ತಿ ತಯಾರಾದವು. ಮ್ಯಾಂಚೆಸ್ಟರನ್ನು 1942ರ ಜೂನ್ ಕೊನೆಗೆ ಯುದ್ಧದಿಂದ ವಾಪಸ್ ತೆಗೆದುಕೊಂಡರು. ಮ್ಯಾನ್ಸರ್ ಕೊನೆಯ ಸಲ ಹಾರಿದ್ದು ಮೇ 30ರ ರಾತ್ರಿ. ಒಂದು ತಿಂಗಳ ಅಂತರ.

ಆ ರಾತ್ರಿ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನ ಮುಖ್ಯಸ್ಥ ಆರ್ಥರ್ ಹ್ಯಾರಿಸ್‌ಗೆ ಒಂದೇ ಊರಿನ ಮೇಲೆ ಸಾವಿರ ವಿಮಾನ ಕಳಿಸಬೇಕಿತ್ತು. ಅಷ್ಟು ವಿಮಾನ ಎಲ್ಲಿವೆ? ತರಬೇತಿಯ ವಿಮಾನಗಳನ್ನೂ, ಅಲ್ಲಿನ ಮೇಷ್ಟ್ರುಗಳನ್ನೂ, ಕಲಿಯುವ ಹುಡುಗರನ್ನೂ ಸೇರಿಸಿ ಲೆಕ್ಕ ತುಂಬಿಸಿದ. ಒಟ್ಟು 1,047 ವಿಮಾನ ಜರ್ಮನಿಯ ಕಲೋನ್ ನಗರಕ್ಕೆ ಹೊರಟವು. ಐವತ್ತನೇ ಸ್ಕ್ವಾಡ್ರನ್ನಿನ ಮ್ಯಾನ್ಸರ್ ಸ್ಕೆಲ್ಲಿಂಗ್‌ಥಾರ್ಪ್ ಏರೋಡ್ರೋಮಿನಿಂದ ರಾತ್ರಿ ಹನ್ನೊಂದರ ಸುಮಾರಿಗೆ ಮೇಲೆದ್ದ. ಜೊತೆಗೆ ಆರು ಜನ. ಹೊಟ್ಟೆ ತುಂಬ ಬೆಂಕಿ ಬಾಂಬು.

ಅವು ಬಿದ್ದದ್ದು ಜನ ಮಲಗಿದ್ದ ಊರಿನ ಮೇಲೆ. ಆ ಒಂದು ರಾತ್ರಿಯಲ್ಲಿ ಕಲೋನಿನಲ್ಲಿ ಸತ್ತವರು 460ಕ್ಕೂ ಹೆಚ್ಚು, ಮನೆ ಕಳೆದುಕೊಂಡವರು ಸುಮಾರು 45,000. ಇದನ್ನು ಬಿಟ್ಟು ಮ್ಯಾನ್ಸರ್ ಕತೆ ಹೇಳಿದರೆ ನನಗೇ ಕಸಿವಿಸಿ. ಹೇಳಿದ ಮೇಲೂ ಕಸಿವಿಸಿ ಹೋಗಲಿಲ್ಲ ಅನ್ನು. ಎರಡನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ಕಲೋನ್ ಮೇಲೆ ಸರ್ಚ್‌ಲೈಟುಗಳು ಅವನ ವಿಮಾನವನ್ನು ಹಿಡಿದವು. ಸುಮಾರು 7,000 ಅಡಿಯಲ್ಲಿ ಬಾಂಬು ಹಾಕಿ ತಿರುಗಿಕೊಂಡ. ಕೆಳಗಿನ ಫಿರಂಗಿಗಳು ಬಿಡಲಿಲ್ಲ. ತಪ್ಪಿಸಿಕೊಳ್ಳಲು ಮೂಗು ಕೆಳಗೆ ಮಾಡಿ 700 ಅಡಿಗೆ ಇಳಿದ. ಹಿಂಬದಿಯ ಗನ್ನರ್‌ಗೆ ಗಾಯವಾಗಿತ್ತು, ಮುಂದಿನ ಕ್ಯಾಬಿನ್ನಿನಲ್ಲಿ ಹೊಗೆ ತುಂಬಿತ್ತು. ಎಡಗಡೆಯ ಇಂಜಿನ್ ಕಾಯುತ್ತಾ ಬಂತು. ಹೇಗೋ 2,000 ಅಡಿಗೆ ಏರಿಸುವ ಹೊತ್ತಿಗೆ ಆ ಇಂಜಿನ್ನಿಗೆ ಬೆಂಕಿ ಹತ್ತಿಕೊಂಡಿತು. ಹತ್ತು ನಿಮಿಷ ಉರಿಯಿತು. ಬೆಂಕಿ ಆರಿತು, ಇಂಜಿನ್ನೂ ಸತ್ತಿತು, ರೆಕ್ಕೆಯ ಒಂದು ಭಾಗ ಸುಟ್ಟುಹೋಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನದು. ಆಗಲೇ ಎಲ್ಲರೂ ಹಾರಬಹುದಿತ್ತು, ಅಲ್ವಾ? ಕೈಯಲ್ಲಿ ಎತ್ತರ ಇತ್ತು. ಸೆರೆ ಸಿಗುತ್ತಿದ್ದರು, ಆದರೆ ಏಳೂ ಜನ ಬದುಕುತ್ತಿದ್ದರು. ಅವನು ಹಾರಲಿಲ್ಲ, ಇಂಗ್ಲೆಂಡಿನ ಹತ್ತಿರದ ನೆಲೆಯ ಕಡೆಗೆ ಮುಖ ತಿರುಗಿಸಿದ. ಮುಂದೆ ಅವನಿಗೆ ಸಂದ ಶೌರ್ಯ ಪದಕದ ಒಕ್ಕಣೆ ಇದನ್ನು ಛಲ ಎನ್ನುತ್ತದೆ. ಇಪ್ಪತ್ತು ತುಂಬಿ ಮೂರು ವಾರ ಕೂಡ ಆಗದವನ ಹಟ ಎಂದೂ ಅನ್ನಬಹುದು. ನನಗೆ ಇದು ಹಟವೇ. ಆದರೆ ಆ ಹಟ ಏನು ಮಾಡಿತು ನೋಡು: ಆ ಒಂದೇ ಇಂಜಿನ್ ಅವರನ್ನು ಜರ್ಮನಿಯ ಗಡಿ ದಾಟಿಸಿ ಬೆಲ್ಜಿಯಂವರೆಗೆ ತಂದಿತು. ಅಲ್ಲೂ ಜರ್ಮನ್ನರದೇ ಆಳ್ವಿಕೆ. ಆದರೆ ಬಾಗಿಲು ತಟ್ಟಿದರೆ ಒಳಗೆ ಕರೆದುಕೊಳ್ಳುವ ಜನ ಇದ್ದರು.

ಬ್ರೇ ಎಂಬ ಊರಿನ ಹತ್ತಿರ ಆಟ ಮುಗಿಯಿತು. ವೇಗ ಇಲ್ಲ, ಎತ್ತರ ಇಲ್ಲ. ಎಲ್ಲರೂ ಹಾರಿ ಎಂದ.

ಈಗ ಆ ಸೀಟಿನಲ್ಲಿ ಕೂತು ನೋಡು. ಎಡ ಇಂಜಿನ್ ಸತ್ತಿದೆ, ಬಲದ್ದು ಇದ್ದಬದ್ದ ಶಕ್ತಿಯಲ್ಲಿ ಎಳೆಯುತ್ತಿದೆ. ಮುಂದಿನ ಟೈರ್ ಸಿಡಿದ ಲಾರಿ ಪಕ್ಕಕ್ಕೆ ಎಳೆಯುತ್ತಲ್ಲ, ಹಾಗೆ ವಿಮಾನ ಎಡಕ್ಕೆ ತಿರುಗಿ ಮಗುಚಲು ನೋಡುತ್ತದೆ. ಬಲಗಾಲಲ್ಲಿ ಪೆಡಲ್ ಒತ್ತಿ, ಎರಡೂ ಕೈಯಲ್ಲಿ ವೀಲ್ ಬಿಗಿಹಿಡಿದು ಕೂತಿರಬೇಕು. ಲಾರಿಯಾದರೆ ಬ್ರೇಕ್ ಇದೆ. ಇಲ್ಲಿ ಕೈ ಬಿಟ್ಟರೆ, ಬಾಗಿಲ ಹತ್ತಿರ ಸಾಲು ನಿಂತವರೆಲ್ಲ ವಿಮಾನದ ಜೊತೆಗೇ ಮಗುಚಿಕೊಳ್ಳುತ್ತಾರೆ.

ಆ ಕಾಲದಲ್ಲಿ ಪ್ಯಾರಾಚೂಟ್ ಗಂಟನ್ನು ಎದೆಯ ಪಟ್ಟಿಗೆ ಕೊಕ್ಕೆಯಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಸಿಕ್ಕಿಸಿಕೊಳ್ಳಲು ಮ್ಯಾನ್ಸರ್‌ಗೆ ಕೈ ಎಲ್ಲಿ ಖಾಲಿ ಇತ್ತು? ಎರಡನೇ ಪೈಲಟ್, ಸಾರ್ಜೆಂಟ್ ಲೆಸ್ಲಿ ಬೇವಿಸ್ಟಾಕ್, ತಾನು ಹಾರುವ ಮೊದಲು ಆ ಗಂಟನ್ನು ತಂದು ಕೊಡಲು ಹೋದ. ಮ್ಯಾನ್ಸರ್ ಬೇಡ ಎಂದು ಕೈಸನ್ನೆ ಮಾಡಿದ. ಇನ್ನು ಕೆಲವೇ ಸೆಕೆಂಡು ಹಿಡಿದಿಟ್ಟಿರಬಲ್ಲೆ, ಮೊದಲು ಹಾರು ಎಂದ.

ಬೇವಿಸ್ಟಾಕ್ ಹಾರಿದಾಗ ನೆಲ ಎಷ್ಟು ಹತ್ತಿರ ಇತ್ತೆಂದರೆ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳಲೂ ಇಲ್ಲ. ಪುಣ್ಯಕ್ಕೆ ನೀರು ನಿಂತ ಕಾಲುವೆಯೊಳಗೆ ಬಿದ್ದ, ಬದುಕಿದ. ಇಳಿಯುತ್ತಿದ್ದವರ ಕಣ್ಣೆದುರಿಗೇ ವಿಮಾನ ನೆಲಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು.

ಅವನ ಲೆಕ್ಕ ತಪ್ಪಿತ್ತು ಅಂತಲೇ ಇಟ್ಟುಕೋ. ಆ ತಪ್ಪಿನ ಒಂದು ಪೈಸೆಯನ್ನೂ ಜೊತೆಯವರ ಖಾತೆಗೆ ಬರೆಯಲಿಲ್ಲ. ಎಲ್ಲವನ್ನೂ ಅವನೇ ತೀರಿಸಿದ. ನನಗೆ ಅವನ ಮೇಲೆ ಗೌರವ ಇರುವುದು ಇದಕ್ಕೆ. ಅವತ್ತು ಹೊರಟ ವಿಮಾನಗಳಲ್ಲಿ 41 ಮರಳಲಿಲ್ಲ. ಇಡೀ ಯುದ್ಧದಲ್ಲಿ ಬಾಂಬರ್ ಕಮಾಂಡ್ ಕಳೆದುಕೊಂಡವರು 55,573. ಈ ಅಂಕಿಯನ್ನು ಎಷ್ಟು ಸಲ ಓದಿದರೂ ನನಗೆ ಅದರ ಭಾರ ತಾಗಿರಲಿಲ್ಲ. ಪ್ಯಾರಾಚೂಟ್ ಬೇಡ ಎಂದ ಆ ಒಂದು ಕೈ ತಾಗಿಸಿತು.

ಆರು ಜನರಲ್ಲಿ ಒಬ್ಬ ಮಾತ್ರ ಸೆರೆ ಸಿಕ್ಕಿದ. ಉಳಿದ ಐವರನ್ನು ಹಳ್ಳಿಯವರು ಬಚ್ಚಿಟ್ಟು, 'ಕಾಮೆಟ್ ಲೈನ್' ಎಂಬ ಗುಪ್ತ ಗುಂಪಿನ ಕೈಗೆ ಒಪ್ಪಿಸಿದರು. ಅದನ್ನು ಕಟ್ಟಿದವಳು ಆಂದ್ರೆ ದ ಯೋಂಗ್ ಎಂಬ ಬೆಲ್ಜಿಯಂ ಯುವತಿ, ಆಗ ಇಪ್ಪತ್ತೈದರ ಆಸುಪಾಸು. ಮನೆಯಿಂದ ಮನೆಗೆ, ಬ್ರಸೆಲ್ಸ್‌ನಿಂದ ಪ್ಯಾರಿಸ್‌ಗೆ, ಅಲ್ಲಿಂದ ಪಿರನೀಸ್ ಬೆಟ್ಟವನ್ನು ರಾತ್ರಿ ನಡೆದೇ ದಾಟಿಸಿ ಸ್ಪೇನಿಗೆ. ಅವಳದೇ ಒಂದು ದೊಡ್ಡ ಕತೆ, ಇನ್ನೊಂದು ಪತ್ರಕ್ಕಿರಲಿ. ಐವರೂ ಇಂಗ್ಲೆಂಡ್ ಮುಟ್ಟಿ, ನಡೆದದ್ದನ್ನು ಹೇಳಿದರು. ಅವರು ಸಿಕ್ಕಿಬಿದ್ದಿದ್ದರೆ ಯುದ್ಧ ಮುಗಿಯುವವರೆಗೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. 1942ರ ಅಕ್ಟೋಬರಿನಲ್ಲಿ ಮ್ಯಾನ್ಸರ್‌ಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ಬೇವಿಸ್ಟಾಕ್ ಮುಂದೆ ಸಂಡರ್‌ಲ್ಯಾಂಡ್ ಎಂಬ ನೀರ ಮೇಲೆ ಇಳಿಯುವ ವಿಮಾನ ಓಡಿಸಿದ, ಎರಡು ಜರ್ಮನ್ ಸಬ್‌ಮರೀನ್ ಮುಳುಗಿಸಿದ.

ಮ್ಯಾನ್ಸರ್ ಗೋರಿ ಬೆಲ್ಜಿಯಂನ ಹೆವರ್ಲೀಯಲ್ಲಿದೆ. ಅವನು ಕೊನೆಯ ಸಲ ಮೇಲೆದ್ದ ಏರೋಡ್ರೋಮಿನ ಜಾಗದಲ್ಲಿ ಈಗ ಮನೆಗಳಿವೆ, ಅವನ ಹೆಸರಿನ ಒಂದು ಪ್ರೈಮರಿ ಶಾಲೆಯೂ ಇದೆ.

ವಲ್ಚರ್ ಇಂಜಿನ್ನಿನ ಅಡ್ಡಸೀಳಿದ ಚಿತ್ರ ನಿನ್ನ ಫೋನಿಗೆ ಕಳಿಸುತ್ತಿದ್ದೇನೆ. ನಾಲ್ಕು ರಾಡೂ ಒಂದೇ ಪಿನ್ನಿಗೆ ಹೇಗೆ ಕೂರುತ್ತವೆ ಅಂತ ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ. ಕೈ ತೊಳೆದುಕೊಂಡು ಒಮ್ಮೆ ನೋಡಿ ಹೇಳು. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಎಂದು ತಿಳಿಸು.

ನಿನ್ನ,
ಹಳೇ ಬೆಂಚಿನ ಗೆಳೆಯ