ಕೋಳಿ ಫೀಡಿನ ಚೀಲದ ಮೇಲೆ ಕನ್ನಡದಲ್ಲಿ ಬರೆಯಲಿ

ಮಾನ್ಯ ಸಂಪಾದಕರೇ,

ಚಿಂತಾಮಣಿ ತಾಲ್ಲೂಕಿನಲ್ಲಿ ನಾನು ಕಂಪನಿ ಕರಾರಿನ ಮೇಲೆ ಬ್ರಾಯ್ಲರ್ ಕೋಳಿ ಸಾಕುತ್ತೇನೆ. ಮರಿ, ಫೀಡ್, ಔಷಧಿ ಕಂಪನಿಯದು. ಶೆಡ್, ನೀರು, ಕರೆಂಟು, ದುಡಿಮೆ ನಮ್ಮದು. ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಫೀಡಿನಲ್ಲಿ ಏನೇನು ಬೆರೆಸಿದ್ದಾರೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಈಚೆಗೆ ಬಂದ ಸೂಪರ್‌ವೈಸರ್, "ಇನ್ಮೇಲೆ ಆ್ಯಂಟಿಬಯೋಟಿಕ್ ಇರಲ್ಲಮ್ಮ, ಪೆಪ್ಟೈಡ್ ಪುಡಿ ಬರುತ್ತೆ, ಸಾಲ್ಮೊನೆಲ್ಲಾ ಹತೋಟಿಗೆ ಬರುತ್ತೆ" ಅಂದರು. ಸಾಲ್ಮೊನೆಲ್ಲಾ ಅಂದರೆ ಕೋಳಿಯ ಕರುಳಿನಲ್ಲಿ ಸೇರಿಕೊಳ್ಳುವ, ಮನುಷ್ಯರಿಗೆ ಭೇದಿ, ಜ್ವರ ತರುವ ಬ್ಯಾಕ್ಟೀರಿಯಾ. ಯಾವ ಪೆಪ್ಟೈಡ್ ಅಂತ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ನಾನು ಇದಕ್ಕೆ ವಿರೋಧಿಯಲ್ಲ. ಪೆಪ್ಟೈಡ್ ಅಂದರೆ ಪ್ರೋಟೀನಿನ ಸಣ್ಣ ತುಂಡು. ಕೋಳಿಯ ಮೈಯೇ ಡಿಫೆನ್ಸಿನ್ ಎಂಬ ಪೆಪ್ಟೈಡ್‌ಗಳನ್ನು ತಯಾರಿಸಿಕೊಂಡು ರೋಗಾಣುಗಳನ್ನು ತಡೆಯುತ್ತದೆ. ಅವು ಬ್ಯಾಕ್ಟೀರಿಯಾದ ಪೊರೆಗೆ ಅಂಟಿಕೊಂಡು ತೂತು ಮಾಡುತ್ತವೆ, ಒಳಗಿನದು ಸೋರಿ ಅದು ಸಾಯುತ್ತದೆ. ಆದರೆ ಎಲ್ಲ ಪೆಪ್ಟೈಡೂ ಒಂದೇ ಅಲ್ಲ. ಚೀಸ್ ಕೆಡದಂತೆ ಹಾಕುವ ನೈಸಿನ್ ಕೂಡ ಪೆಪ್ಟೈಡೇ. ಸಾಲ್ಮೊನೆಲ್ಲಾಕ್ಕೆ ಹೊರಗಡೆ ಇನ್ನೊಂದು ಪೊರೆ ಇರುವುದರಿಂದ ನೈಸಿನ್ ಒಂದರಿಂದಲೇ ಜಾಸ್ತಿ ಉಪಯೋಗವಿಲ್ಲ. ಕೆಲವು ಪೆಪ್ಟೈಡ್‌ಗಳು ಕೋಳಿಯ ಕರುಳಿನಲ್ಲೇ ಜೀರ್ಣವಾಗಿ ಹೋಗುತ್ತವೆ, ಅದಕ್ಕೆ ಮೇಲೊಂದು ಲೇಪ ಬೇಕು.

ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಪೆಪ್ಟೈಡ್ ಗುಂಪಿನದೇ ಅಲ್ವಾ? ಬೇರೆ ಯಾವ ಔಷಧಿಯೂ ನಾಟದ ರೋಗಿಗೆ ಆಸ್ಪತ್ರೆಯವರು ಕೊನೆಗೆ ಕೊಡುವ ಔಷಧಿ ಅದು. ಅದನ್ನು ಕೋಳಿಗಳಿಗೆ ಬೇಗ ತೂಕ ಬರಲಿ ಅಂತ ಫೀಡಿಗೆ ಬೆರೆಸುತ್ತಿದ್ದರು. ಕೊಲಿಸ್ಟಿನ್‌ಗೆ ಬಗ್ಗದ ಶಕ್ತಿಯನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಸುವ ಜೀನ್ 2015ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಕೋಳಿ, ಮೀನು, ಆಹಾರಕ್ಕೆ ಸಾಕುವ ಇತರ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಇಷ್ಟೆಲ್ಲ ಆದ ಮೇಲೂ "ಪುಡಿ ಹಾಕಿದ್ದೇವೆ, ಸುಮ್ನೆ ಹಾಕಿ" ಅಂದರೆ ಹೇಗೆ ಒಪ್ಪುವುದು?

ಸಾಲ್ಮೊನೆಲ್ಲಾ ಇರುವ ಬ್ರಾಯ್ಲರ್ ಎಷ್ಟೋ ಸಲ ಆರೋಗ್ಯವಾಗಿಯೇ ಕಾಣುತ್ತದೆ. ತಿನ್ನುತ್ತದೆ, ಬೆಳೆಯುತ್ತದೆ. ತೊಂದರೆ ಆಗುವುದು ಅದನ್ನು ಸರಿಯಾಗಿ ಬೇಯಿಸದೆ ತಿಂದವರಿಗೆ. ಈ ರೋಗಾಣು ಹ್ಯಾಚರಿಯಿಂದ ಮರಿ ಜೊತೆಗೇ ಬರಬಹುದು, ಇಲಿ ತರಬಹುದು, ತೊಳೆಯದ ನೀರಿನ ಟ್ಯಾಂಕಿನಿಂದಲೂ ಬರಬಹುದು. ಇವನ್ನೆಲ್ಲ ಬಿಟ್ಟು ಪುಡಿಯೊಂದನ್ನೇ ನಂಬಿ ಕೂರಲು ಆಗುವುದಿಲ್ಲ. ಬ್ಯಾಚ್ ಹೋದ ಮೇಲೆ ನಮ್ಮ ಶೆಡ್ಡಿನ ಗೊಬ್ಬರ ಟೊಮೆಟೊ, ಕೊತ್ತಂಬರಿ ಹೊಲಗಳಿಗೆ ಹೋಗುತ್ತದೆ. ಕೊತ್ತಂಬರಿಯನ್ನು ಹಸಿಯಾಗಿಯೇ ತಿನ್ನುತ್ತೇವೆ. ಗೊಬ್ಬರವನ್ನು ಚೆನ್ನಾಗಿ ಕೊಳೆಸಿಯೇ ಹಾಕಿ ಅಂತ ಒಯ್ಯುವವರಿಗೆಲ್ಲ ಹೇಳುತ್ತೇನೆ. ಎಲ್ಲರೂ ಕೇಳುವುದಿಲ್ಲ.

ಪಶುಪಾಲನಾ ಇಲಾಖೆಗೆ ನನ್ನ ಬೇಡಿಕೆ ಇದು. ಫೀಡಿನ ಪ್ರತಿ ಚೀಲದ ಮೇಲೂ ಒಳಗೆ ಬೆರೆಸಿದ ಔಷಧಿ ಅಥವಾ ಪೆಪ್ಟೈಡಿನ ಹೆಸರು, ಪ್ರಮಾಣ, ಕೋಳಿ ಮಾರುವ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬುದು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. ಜೊತೆಗೆ ಶೆಡ್ಡಿನ ಹಿಕ್ಕೆ, ನೀರಿನ ಮಾದರಿಯನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ತೆಗೆದುಕೊಂಡು ಪರೀಕ್ಷೆಗೆ ಕಳಿಸಲಿ. ಪರೀಕ್ಷೆಯ ವರದಿ ಕಂಪನಿಗೆ ಮಾತ್ರವಲ್ಲ, ಕೋಳಿ ಸಾಕುವವರ ಕೈಗೂ ಸಿಗಲಿ.

– ಕೋಳಿ ಸಾಕುವ ರೈತ ಮಹಿಳೆ, ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ