ಡಿಸ್ಕ್ ಕಾಣಿಸದಿದ್ದರೆ ಡಿಸ್ಕ್ ಕೆಟ್ಟಿದೆ ಎಂದರ್ಥವಲ್ಲ

ಮಾನ್ಯ ಸಂಪಾದಕರೇ,

ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಲು ಹೊರಟಾಗ, ಡಿಸ್ಕ್ ಆರಿಸುವ ಪರದೆ ಖಾಲಿ ಬಂದು ‘ಡ್ರೈವ್ ಸಿಗುತ್ತಿಲ್ಲ’ ಎಂಬ ಸಂದೇಶ ಕಂಡರೆ, ಎಸ್‌ಎಸ್‌ಡಿ (ದತ್ತಾಂಶವೆಲ್ಲ ಇರುವ ಡಿಸ್ಕ್) ಸತ್ತೇಹೋಯಿತು ಎಂದು ಬಹಳ ಜನ ತೀರ್ಮಾನಿಸಿಬಿಡುತ್ತಾರೆ. ಹೊಸದನ್ನು ತಂದು ಹಾಕಿದರೂ ಪರದೆ ಖಾಲಿಯೇ. 2020ರಲ್ಲಿ ಬಂದ ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್ ಮತ್ತು ಅದರ ನಂತರದವು ಇರುವ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಡಿಸ್ಕನ್ನಲ್ಲ, ಕಂಟ್ರೋಲರ್ ಡ್ರೈವರನ್ನು, ಅಂದರೆ ಡಿಸ್ಕ್ ಜೊತೆ ವಿಂಡೋಸ್ ಮಾತಾಡಲು ಬೇಕಾದ ತಂತ್ರಾಂಶವನ್ನು. ಹಣ ಹೋದರೆ ದುಡಿಯಬಹುದು. ಮಕ್ಕಳ ಫೋಟೊ, ಅಂಗಡಿಯ ಲೆಕ್ಕ ಇರುವ ಡಿಸ್ಕನ್ನು ಅವಸರದಲ್ಲಿ ಅಳಿಸಿಬಿಟ್ಟರೆ ತಿರುಗಿ ಬರುವುದಿಲ್ಲ. ಅದಕ್ಕಾಗಿ ಈ ಪತ್ರ.

ಮೊದಲು ಬಯಾಸ್ (ವಿಂಡೋಸ್‌ಗೂ ಮುಂಚೆ ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ತೆರೆದು ನೋಡಿ. ಅಲ್ಲಿ ಎಸ್‌ಎಸ್‌ಡಿಯ ಮಾದರಿ ಹೆಸರು ಕಾಣುತ್ತಿದ್ದರೆ ಡಿಸ್ಕ್ ಉಸಿರಾಡುತ್ತಿದೆ ಎಂದೇ ಲೆಕ್ಕ. ಅಲ್ಲೂ ಕಾಣದಿದ್ದರೆ ಮಾತ್ರ ಹಿಂಬದಿ ಬಿಚ್ಚಿ, ಎಂ.2 ಸ್ಲಾಟ್‌ನಿಂದ ಎಸ್‌ಎಸ್‌ಡಿ ತೆಗೆದು ಮತ್ತೆ ಕೂರಿಸುವ ಕೆಲಸ. ಬಯಾಸ್‌ಗೆ ಕಾಣುವ ಡಿಸ್ಕ್ ವಿಂಡೋಸ್‌ಗೆ ಕಾಣದಿರಲು ಕಾರಣ ಇಂಟೆಲ್‌ನ ವಿಎಂಡಿ ಎಂಬ ಡಿಸ್ಕ್ ನಿಯಂತ್ರಣ ವ್ಯವಸ್ಥೆ. ಎನ್‌ವಿಎಂಇ ಡಿಸ್ಕನ್ನು (ಈಗಿನ ವೇಗದ ಬಗೆಯ ಎಸ್‌ಎಸ್‌ಡಿ) ಇದು ತನ್ನ ಬೆನ್ನ ಹಿಂದೆ ಇಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಎನ್‌ವಿಎಂಇ ಡ್ರೈವರ್ ಇದ್ದೇ ಇದೆ, ಆದರೆ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಲ್ಲಿ ಆ ವಿಎಂಡಿಗೆ ತಕ್ಕ ಡ್ರೈವರ್ ಇಲ್ಲದಿದ್ದರೆ ಹಿಂದಿರುವ ಡಿಸ್ಕ್ ಇದ್ದೂ ಇಲ್ಲದಂತೆ.

ಪರಿಹಾರ, ವಿಎಂಡಿಗೆ ಬೇಕಾದ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರನ್ನು ಅದೇ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಕೊಡುವುದು. ಹೇಳಲು ಸುಲಭ, ಜನ ಎಡವುವುದೂ ಇಲ್ಲೇ. ‘ಸೆಟಪ್ ಆರ್‌ಎಸ್‌ಟಿ’ ಎಂಬ ಕಡತವನ್ನು ಇಳಿಸಿಕೊಂಡು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ಇನ್‌ಸ್ಟಾಲರ್ ಹುಡುಕುವುದು ಡ್ರೈವರ್‌ನ ವಿವರ ಇರುವ ಐಎನ್‌ಎಫ್ ಕಡತವನ್ನು. ಬೇರೊಂದು ಕಂಪ್ಯೂಟರಿನ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಆ ಸೆಟಪ್ಪನ್ನು ‘ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್’ ಆಯ್ಕೆ ಮತ್ತು ಒಂದು ಫೋಲ್ಡರ್ ಹೆಸರಿನೊಂದಿಗೆ ಓಡಿಸಿದರೆ ಒಳಗಿನದೆಲ್ಲ ಬಿಚ್ಚಿಕೊಳ್ಳುತ್ತದೆ. ಬೇಕಾದದ್ದು ವಿಎಂಡಿ ಎಂಬ ಫೋಲ್ಡರ್. ಪಕ್ಕದಲ್ಲೇ ಇರುವ ಎಚ್‌ಎಸ್‌ಎ ಫೋಲ್ಡರ್ ತೋರಿಸಿದರೆ ಡಿಸ್ಕ್ ಕಾಣುವುದಿಲ್ಲ. ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಕಡತಗಳು ಒಟ್ಟಿಗೇ ಇರಬೇಕು. ಒಂದನ್ನು ಬಿಟ್ಟು ನಕಲು ಮಾಡಿದರೂ ಡ್ರೈವರ್ ಏರುವುದಿಲ್ಲ. ಕೆಲವು ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟದಲ್ಲಿ ‘ಎಫ್6 ಡ್ರೈವರ್’ ಎಂದು ಬಿಚ್ಚಿದ ರೂಪದಲ್ಲೇ ಸಿಗುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುತ್ತಿದ್ದರು. ಫ್ಲಾಪಿ ಹೋಯಿತು, ಹೆಸರು ಉಳಿಯಿತು.

ಆವೃತ್ತಿಯನ್ನೂ ನೋಡಬೇಕು. ಎಲ್ಲಕ್ಕಿಂತ ಹೊಸದು ಎಲ್ಲಕ್ಕಿಂತ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು. 11ನೇ ತಲೆಮಾರಿನ ಯಂತ್ರಕ್ಕೆ 19ರ ಸರಣಿಯ ಡ್ರೈವರ್ ಹಿಡಿಯಬೇಕು. 20ರ ಸರಣಿ 12ನೇ ತಲೆಮಾರಿನಿಂದ ಮೇಲಿನವಕ್ಕೆ. ಪಟ್ಟಿ ಖಾಲಿ ಬಂತೆಂದು ‘ಹೊಂದದ ಡ್ರೈವರ್ ಮರೆಮಾಡು’ ಎಂಬಲ್ಲಿನ ಟಿಕ್ ತೆಗೆದು, ಕಂಡದ್ದನ್ನು ಒತ್ತಾಯದಿಂದ ಹಾಕಲು ಹೋಗಬೇಡಿ. ಪಟ್ಟಿ ಖಾಲಿ ಎಂದರೆ ನೀವು ತಂದ ಡ್ರೈವರ್ ಬೇರೆ ಯಂತ್ರದ್ದು.

ಇನ್ನೊಂದು ದಾರಿ ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು. ಖಾಲಿ ಡಿಸ್ಕ್‌ಗೆ ವಿಂಡೋಸ್ ಹಾಕುವಾಗ ಇದು ಸರಿಯಾದ ದಾರಿಯೇ. ಆದರೆ ಈಗಾಗಲೇ ವಿಂಡೋಸ್ ಓಡುತ್ತಿರುವ ಯಂತ್ರದಲ್ಲಿ ಹೀಗೆ ಮಾಡಿದರೆ ಲೋಗೊ ಬಂದು, ಚುಕ್ಕಿಗಳು ಸುತ್ತಿ, ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನಿಂತುಬಿಡುತ್ತದೆ. ಲೋಗೊವರೆಗೆ ಬಂದ ಯಂತ್ರ ಆಮೇಲೇಕೆ ಬಿತ್ತು? ವಿಂಡೋಸನ್ನು ಎಬ್ಬಿಸುವ ಬೂಟ್‌ಲೋಡರ್ ಡಿಸ್ಕನ್ನು ಓದುವುದು ಬಯಾಸ್‌ನ ಸಹಾಯದಿಂದ. ವಿಂಡೋಸ್‌ನ ತಿರುಳಾದ ಕರ್ನಲ್ ಕೈಗೆ ಅಧಿಕಾರ ಬಂದ ಮೇಲೆ ಅದು ತನ್ನ ಡ್ರೈವರನ್ನೇ ನಂಬಬೇಕು. ಆರಂಭದಲ್ಲೇ ಏರಬೇಕಾದ ಡ್ರೈವರ್‌ಗಳ ಸಾಲಿನಲ್ಲಿ ಇದುವರೆಗೆ ಇದ್ದದ್ದು ವಿಎಂಡಿಯದು; ಎನ್‌ವಿಎಂಇ ಅಥವಾ ಎಎಚ್‌ಸಿಐ (ಹಳೆಯ ಸಾಟಾ ಬಗೆಯ ಡಿಸ್ಕ್‌ಗಳದು) ಡ್ರೈವರ್ ಕೆಲಸವಿಲ್ಲದೆ ಬದಿಗೆ ಕೂತಿತ್ತು. ದತ್ತಾಂಶಕ್ಕೆ ಏನೂ ಆಗಿರುವುದಿಲ್ಲ. ಬಯಾಸ್‌ನಲ್ಲಿ ಹಳೆಯದಕ್ಕೆ ಮರಳಿದರೆ ವಿಂಡೋಸ್ ಎಂದಿನಂತೆ ಏಳುತ್ತದೆ.

ಬದಲಿಸಲೇಬೇಕಿದ್ದರೆ ಸೇಫ್ ಮೋಡ್ (ಅಗತ್ಯದ ಡ್ರೈವರ್‌ಗಳಷ್ಟೇ ಏರುವ ವಿಂಡೋಸ್) ಮೂಲಕ ಹೋಗಿ. ರನ್ ಪೆಟ್ಟಿಗೆಯಲ್ಲಿ ‘ಎಂಎಸ್‌ಕಾನ್ಫಿಗ್’ ತೆರೆದು, ಬೂಟ್ ವಿಭಾಗದಲ್ಲಿ ‘ಸೇಫ್ ಬೂಟ್’, ‘ಮಿನಿಮಲ್’ ಎರಡಕ್ಕೂ ಗುರುತು ಹಾಕಿ ರೀಸ್ಟಾರ್ಟ್ ಮಾಡಿ, ನೇರ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನ್ನದೇ ಡ್ರೈವರನ್ನು ಎಬ್ಬಿಸಿಕೊಳ್ಳುತ್ತದೆ. ಆಮೇಲೆ ಅದೇ ಗುರುತು ತೆಗೆದು ಇನ್ನೊಮ್ಮೆ ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೆ ಹೋಗಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಇದಕ್ಕೆಲ್ಲ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ‘ಸಸ್ಪೆಂಡ್’ ಮಾಡಿ, 48 ಅಂಕಿಯ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ತಾನಾಗಿಯೇ ಬಿದ್ದಿರುತ್ತದೆ, ಯಜಮಾನನಿಗೇ ಗೊತ್ತಿರುವುದಿಲ್ಲ. ಕೀಲಿ ಇಲ್ಲದೆ ಬೀಗ ಬಿದ್ದರೆ ಯಾವ ತಂತ್ರಜ್ಞನೂ ತೆಗೆಯಲಾರ. ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿರುವ ಯಂತ್ರದಲ್ಲಿ ಮಾತ್ರ ವಿಎಂಡಿಯನ್ನು ಮುಟ್ಟಲೇಬೇಡಿ.

ಡ್ರೈವರ್ ಏರಿದ ಮೇಲೂ ಯಂತ್ರ ಆಗಾಗ ಅರ್ಧ ನಿಮಿಷ ಸ್ತಬ್ಧವಾಗುತ್ತಿದ್ದರೆ ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ 129ನೇ ಸಂಖ್ಯೆಯ ಎಚ್ಚರಿಕೆ ಹುಡುಕಿ. ಡಿಸ್ಕ್ ಉತ್ತರ ಕೊಡದೆ ಕಂಟ್ರೋಲರನ್ನು ರೀಸೆಟ್ ಮಾಡಬೇಕಾಯಿತು ಎಂದು ಅದರ ಅರ್ಥ. ಸಾಟಾ ಡಿಸ್ಕ್ ಆದರೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ಪಟ್ಟಿಯ 199ನೇ ಸಾಲನ್ನೂ (ಕೇಬಲ್ ದಾರಿಯಲ್ಲಿ ದತ್ತಾಂಶ ತಪ್ಪಾದ ಎಣಿಕೆ) ನೋಡಿ. ಆ ಎಣಿಕೆ ದಿನೇದಿನೇ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಎನ್‌ವಿಎಂಇ ಆದರೆ ಪವರ್ ಆಯ್ಕೆಗಳಲ್ಲಿ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಆಫ್ ಮಾಡಿ, ಎಸ್‌ಎಸ್‌ಡಿಯ ಒಳಗಿನ ತಂತ್ರಾಂಶ (ಫರ್ಮ್‌ವೇರ್) ನವೀಕರಿಸಿ ನೋಡಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕು ಕೇಂದ್ರಗಳವರೆಗೆ ದುರಸ್ತಿ ಅಂಗಡಿ ಇಟ್ಟಿರುವ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ: ವಿಎಂಡಿ ಡ್ರೈವರ್‌ನ ಎರಡೂ ಸರಣಿಗಳನ್ನು ಬಿಚ್ಚಿ ಇನ್‌ಸ್ಟಾಲ್ ಪೆನ್‌ಡ್ರೈವ್‌ನಲ್ಲೇ ಇಟ್ಟುಕೊಳ್ಳಿ. ವಿಎಂಡಿ ಆನ್ ಇತ್ತೋ ಆಫ್ ಇತ್ತೋ ಎಂಬುದನ್ನು ಗ್ರಾಹಕರ ಬಿಲ್ಲಿನ ಮೇಲೆ ಬರೆದು ಕೊಡಿ. ಮುಂದೊಮ್ಮೆ ಬಯಾಸ್ ರೀಸೆಟ್ ಆಗಿ ನೀಲಿ ಪರದೆ ಬಂದಾಗ, ಆ ಒಂದು ಸಾಲು ನೋಡಿ ಅವರೇ ಸರಿಮಾಡಿಕೊಳ್ಳುತ್ತಾರೆ.

— ಹಾರ್ಡ್‌ವೇರ್ ತಂತ್ರಜ್ಞ, ಹುಬ್ಬಳ್ಳಿ