ಲಾಲ್ ಅವರ ಜೀವನಕಥನ ಮುಗಿದ ಹೊತ್ತಿನಲ್ಲಿ

ಏರ್ ಚೀಫ್ ಮಾರ್ಷಲ್ ಪ್ರತಾಪ್ ಚಂದ್ರ ಲಾಲ್ ಅವರ ಬದುಕನ್ನು ಕನ್ನಡದಲ್ಲಿ ಬರೆಯಬೇಕೆಂದು ನಿವೃತ್ತಿಯ ನಂತರ ಕೈಗೆತ್ತಿಕೊಂಡಿದ್ದ ಕೆಲಸ ಈ ವಾರ ಮುಗಿದಿದೆ. ಹಸ್ತಪ್ರತಿ ಅಚ್ಚಿಗೆ ಹೋಗಿದೆ. ಪುಸ್ತಕದಲ್ಲಿ ಕೃತಜ್ಞತೆಗೆಂದು ಸಿಗುವುದು ಒಂದೇ ಪುಟ. ನಾನು ನೆನೆಯಬೇಕಾದವರು ಅದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪಂಜಾಬಿನ ಲುಧಿಯಾನದಲ್ಲಿ 1916ರಲ್ಲಿ ಹುಟ್ಟಿದ ವಾಯುಸೇನಾಧಿಕಾರಿಯ ಬಗ್ಗೆ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ದುಡಿದವನೊಬ್ಬ ಯಾಕೆ ಬರೆಯಬೇಕು ಎಂದು ಕೆಲವರು ಕೇಳಿದ್ದಾರೆ. 1965ರ ಯುದ್ಧದ ಕಾಲಕ್ಕೆ ವಾಯುಪಡೆಯ ಉಪಮುಖ್ಯಸ್ಥರಾಗಿದ್ದ ಲಾಲ್, 1966ರಿಂದ 1969ರವರೆಗೆ ನಮ್ಮ ಕಾರ್ಖಾನೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. 1969ರ ಜುಲೈ 16ರಂದು ವಾಯುಪಡೆಯ ಮುಖ್ಯಸ್ಥರಾಗಿ ದೆಹಲಿಗೆ ಹೋದರು, 1971ರ ಯುದ್ಧವನ್ನು ಆ ಹುದ್ದೆಯಲ್ಲಿದ್ದು ನಡೆಸಿದರು. ವಿಮಾನ ಕಟ್ಟುವವರ ಕಷ್ಟವನ್ನೂ ಅದನ್ನು ಯುದ್ಧಕ್ಕೆ ಒಯ್ಯುವವರ ಕಷ್ಟವನ್ನೂ ಹೀಗೆ ಒಂದರ ಹಿಂದೊಂದರಂತೆ ಹೊಣೆ ಹೊತ್ತು ಕಂಡವರು ನಮ್ಮ ದೇಶದಲ್ಲಿ ತೀರ ವಿರಳ. ನಾನು ಕಾರ್ಖಾನೆ ಸೇರುವ ಹೊತ್ತಿಗೆ ಅವರು ಅಲ್ಲಿರಲಿಲ್ಲ. ಆದರೂ ಈ ಬದುಕು ನಮಗೂ ಸೇರಿದ್ದು ಎಂಬ ಅಭಿಮಾನ ನನ್ನನ್ನು ಬಿಡಲಿಲ್ಲ.

ಮೊದಲ ಕೃತಜ್ಞತೆ ವಾಯುಪಡೆಯ ನಿವೃತ್ತ ಅಧಿಕಾರಿಗಳಿಗೆ ಮತ್ತು ಏರ್‌ಮನ್‌ಗಳಿಗೆ. ಲಾಲ್ ಅವರು ಎರಡನೆಯ ಮಹಾಯುದ್ಧದಲ್ಲಿ 7ನೇ ಸ್ಕ್ವಾಡ್ರನ್ನಿನಲ್ಲಿದ್ದು ವೆಂಜನ್ಸ್ ಎಂಬ ಡೈವ್ ಬಾಂಬರ್ ಹಾರಿಸಿದ್ದು, ಬರ್ಮಾದ ಕಾರ್ಯಾಚರಣೆಯಲ್ಲಿ ಆ ಸ್ಕ್ವಾಡ್ರನ್ನನ್ನು ಮುನ್ನಡೆಸಿದ್ದು, 1945ರಲ್ಲಿ ಡಿಎಫ್‌ಸಿ ಎಂಬ ಬ್ರಿಟಿಷ್ ಶೌರ್ಯ ಪದಕ ಪಡೆದದ್ದು, ಇವನ್ನೆಲ್ಲ ಪುಸ್ತಕಗಳಿಂದ ತಿಳಿಯಬಹುದಿತ್ತು. ಕಾಡಿನ ಮೇಲೆ ಹಾರುತ್ತ ನೆಲದ ಸೈನಿಕರಿಗೆ ನೆರವಾಗುವುದೆಂದರೆ ಏನು, ತಮ್ಮವರು ಎಲ್ಲಿದ್ದಾರೆ ಎಂಬ ಸುದ್ದಿ ಪೈಲಟ್‌ಗೆ ತಡವಾಗಿ ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಈ ಹಿರಿಯರೇ ಕೂತು ಬಿಡಿಸಿ ಹೇಳಬೇಕಾಯಿತು. ವಯಸ್ಸಾದ ಕೈಗಳಲ್ಲಿ ನಕ್ಷೆ ಹಿಡಿದು, ಕೇಳಿದ್ದನ್ನೇ ಮತ್ತೆ ಕೇಳಿದರೂ ಬೇಸರಿಸದೆ ವಿವರಿಸಿದರು. ಅವರ ಇಚ್ಛೆಯಂತೆ ಹೆಸರುಗಳನ್ನು ಬರೆಯುತ್ತಿಲ್ಲ.

ಅವರಿಲ್ಲದಿದ್ದರೆ 1965ರ ಅಧ್ಯಾಯವನ್ನು ನಾನು ಬರೆಯಲಾಗುತ್ತಿರಲಿಲ್ಲ. ಸೆಪ್ಟೆಂಬರ್ 1ರಂದು ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದಾಗ ನಮ್ಮ ವಿಮಾನಗಳಿಗೆ ಕರೆ ಬಂದದ್ದು ಸಂಜೆಯ ಹೊತ್ತಿಗೆ; ಆ ಒಂದೇ ಸಂಜೆ ಹಳೆಯ ನಾಲ್ಕು ವ್ಯಾಂಪೈರ್ ವಿಮಾನಗಳನ್ನು ಕಳೆದುಕೊಂಡೆವು. 6ರಂದು ಪಠಾಣ್‌ಕೋಟ್‌ನಲ್ಲಿ, 7ರಂದು ಕಲೈಕುಂಡದಲ್ಲಿ ನೆಲದ ಮೇಲೆ ನಿಂತಿದ್ದ ವಿಮಾನಗಳೇ ಶತ್ರುವಿನ ದಾಳಿಗೆ ಸಿಕ್ಕಿ ಸುಟ್ಟುಹೋದವು. ಅದೇ 7ರಂದು ಪಾಕಿಸ್ತಾನದ ವಾಯುನೆಲೆ ಸರ್ಗೋಧಾದ ಮೇಲೆ ದಾಳಿಗೆ ಹೋದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು, ತಮ್ಮ ಮಿಸ್ಟೀರ್ ವಿಮಾನಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಕೆಡವಿ ತಾವೂ ಮರಳದೇ ಉಳಿದರು; ಮಹಾವೀರ ಚಕ್ರ ಅವರ ಹೆಸರಿಗೆ ಬಂದದ್ದು 1988ರಲ್ಲಿ. ಪೈಲಟ್‌ಗಳ ಧೈರ್ಯಕ್ಕೆ ಎಲ್ಲೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಭೂಸೇನೆ ಮತ್ತು ವಾಯುಪಡೆ ಒಟ್ಟಿಗೆ ಕೂತು ಯೋಚಿಸುವುದರಲ್ಲಿ, ಮತ್ತು ನೆಲೆಗಳ ರಕ್ಷಣೆಯಲ್ಲಿ. ಉಪಮುಖ್ಯಸ್ಥರಾಗಿ ಇದನ್ನೆಲ್ಲ ಹತ್ತಿರದಿಂದ ನೋಡಿದ ಲಾಲ್ ಅದನ್ನು ಮರೆಯಲಿಲ್ಲ, ಮರೆಮಾಚಲೂ ಇಲ್ಲ. ಅವರ ಮೇಲೆ ನನಗಿರುವ ಗೌರವದ ಬೇರು ಇಲ್ಲಿದೆ.

ಮುಖ್ಯಸ್ಥರಾದ ಮೇಲೆ ಅವರು ವಾಯುಪಡೆಯ ಕೆಲಸಗಳ ಆದ್ಯತೆಯನ್ನು ಸ್ಪಷ್ಟವಾಗಿ ನಿಗದಿಪಡಿಸಿದರು. ದೇಶದ ಮತ್ತು ನೆಲೆಗಳ ವಾಯುರಕ್ಷಣೆ ಮೊದಲು; ಭೂಸೇನೆಗೂ ನೌಕಾಪಡೆಗೂ ನೆರವು ಅದರ ನಂತರ; ಶತ್ರುನೆಲದ ಒಳಗೆ ದೂರದವರೆಗೆ ಹೋಗಿ ಬಾಂಬ್ ಹಾಕುವುದು ಅದಕ್ಕೂ ಕೆಳಗೆ. ಬಾಂಬರ್ ದಾಳಿಯೇ ವಾಯುಪಡೆಯ ನಿಜವಾದ ಹಿರಿಮೆ ಎಂದು ಜಗತ್ತಿನೆಲ್ಲೆಡೆ ನಂಬಿಕೆ ಇದ್ದ ಕಾಲದಲ್ಲಿ ನೆಲದ ಸೈನಿಕನಿಗೆ ಈ ಸ್ಥಾನ ಕೊಡುವುದು ಸಣ್ಣ ನಿರ್ಧಾರವಲ್ಲ. ಭೂಸೇನೆಯ ಕೇಂದ್ರಗಳ ಜೊತೆಗೇ ವಾಯುಪಡೆಯ ಅಧಿಕಾರಿಗಳು ಕೂತು ಕೆಲಸ ಮಾಡುವ ವ್ಯವಸ್ಥೆ ಬಲಗೊಂಡಿತು. ವಿಮಾನಗಳಿಗೆ ಕಾಂಕ್ರೀಟಿನ ಗೂಡುಗಳು ಎದ್ದವು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಾಯುಪಡೆ ನಮ್ಮ ಪಶ್ಚಿಮದ ನೆಲೆಗಳ ಮೇಲೆ ಒಮ್ಮೆಲೇ ಎರಗಿದಾಗ ಪಠಾಣ್‌ಕೋಟ್‌ನ ಹಳೆಯ ಕಥೆ ಮರುಕಳಿಸಲಿಲ್ಲ; ಅದೇ ರಾತ್ರಿ ನಮ್ಮ ಕ್ಯಾನ್‌ಬೆರಾ ಬಾಂಬರ್‌ಗಳು ಪ್ರತಿದಾಳಿಗೆ ಹೊರಟವು. ಪೂರ್ವದಲ್ಲಿ ಢಾಕಾದ ತೇಜ್‌ಗಾಂವ್ ರನ್‌ವೇಯನ್ನು ಮಿಗ್-21ಗಳು ಕೆಲವೇ ದಿನಗಳಲ್ಲಿ ಬಳಕೆಗೆ ಬಾರದಂತೆ ಮಾಡಿದ ಮೇಲೆ ಅಲ್ಲಿನ ಆಕಾಶ ಪೂರ್ತಿ ನಮ್ಮದಾಯಿತು. ಮೇಘನಾ ನದಿಯನ್ನು ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಹೊತ್ತು ದಾಟಿಸಿದ್ದು, ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಪಡೆಯನ್ನು ಇಳಿಸಿದ್ದು ಎರಡೂ ಆ ಬಲದಿಂದಲೇ ಸಾಧ್ಯವಾದವು.

ಕಾರ್ಖಾನೆಯ ನನ್ನ ಹಿರಿಯ ಸಹೋದ್ಯೋಗಿಗಳಿಗೆ ನಾನು ಅತಿ ಹೆಚ್ಚು ಋಣಿ. ಬೆಂಗಳೂರಿನಲ್ಲಿ ಕಟ್ಟಿದ ನ್ಯಾಟ್ ವಿಮಾನದ ಗುಣವನ್ನೂ ಅದರ ತೊಂದರೆಗಳನ್ನೂ, 1965ರಲ್ಲಿ ಅದರ ಬಂದೂಕು ಕಟ್ಟಿಕೊಳ್ಳುತ್ತಿದ್ದುದನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. 1971ರ ನವೆಂಬರ್ 22ರಂದು ಪೂರ್ವ ಗಡಿಯ ಬೋಯ್ರಾದ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿ ಗೆದ್ದ ನ್ಯಾಟ್ ಪೈಲಟ್‌ಗಳಲ್ಲಿ ಕೊಡಗಿನ ಗಣಪತಿಯವರೂ ಒಬ್ಬರು ಎಂಬುದನ್ನು ಹೇಳುವಾಗ ಅದೇ ಹಿರಿಯರ ದನಿ ಏರುತ್ತಿತ್ತು. ಇಲ್ಲಿಯೇ ವಿನ್ಯಾಸಗೊಂಡು 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ, ರಾಜಸ್ಥಾನದ ಮರುಭೂಮಿಯ ಮೇಲೆ ಯುದ್ಧಕ್ಕಿಳಿದದ್ದೂ ಆಗಲೇ. ಇವರಲ್ಲೊಬ್ಬರು ನನಗೆ ಕೃಷಕ್ ಎಂಬ ಪುಟ್ಟ ವಿಮಾನದ ಕಡೆ ಬೆರಳು ತೋರಿಸಿದರು. ಅದನ್ನು ಯಾರೂ ದೊಡ್ಡದಾಗಿ ನೆನೆಯುವುದಿಲ್ಲ. ಡಿಸೆಂಬರ್ 5ರ ಬೆಳಿಗ್ಗೆ ಲೋಂಗೇವಾಲಾದಲ್ಲಿ ಭೂಸೇನೆಯ ಒಂದು ಕಂಪನಿ ರಾತ್ರಿಯಿಡೀ ಟ್ಯಾಂಕುಗಳನ್ನು ತಡೆದು ನಿಂತಿದ್ದಾಗ, ಬೆಳಕು ಹರಿಯುತ್ತಲೇ ಜೈಸಲ್ಮೇರ್‌ನಿಂದ ಬಂದ ಹಂಟರ್ ಯುದ್ಧವಿಮಾನಗಳಿಗೆ ಮೇಲಿನಿಂದ ಗುರಿ ತೋರಿಸಿದವರು ಕೃಷಕ್ ಹಾರಿಸುತ್ತಿದ್ದ ಮೇಜರ್ ಆತ್ಮಾ ಸಿಂಗ್. ಭೂಸೇನೆಯ ಅಧಿಕಾರಿ, ನಮ್ಮ ಕಾರ್ಖಾನೆ ಕಟ್ಟಿದ ವಿಮಾನ, ವಾಯುಪಡೆಯ ಹಂಟರ್‌ಗಳು. ಲಾಲ್ ಏನನ್ನು ಬಯಸಿದ್ದರೋ ಅದು ಆ ಮರಳಿನ ಮೇಲೆ ಕಣ್ಣಿಗೆ ಕಾಣುವಂತೆ ನಡೆಯಿತು. ಪುಸ್ತಕದಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಇದು, ಇದರ ಪೂರ್ಣ ಶ್ರೇಯಸ್ಸು ಆ ಹಿರಿಯರದು.

ಲಾಲ್ ಅವರ ಬದುಕಿನ ಇನ್ನೊಂದು ಮುಖವನ್ನು ಬಿಡದೆ ಬರೆಯಬೇಕೆಂದು ಒತ್ತಾಯಿಸಿದ ಗೆಳೆಯರಿಗೂ ವಂದನೆ. ಇಂಡಿಯನ್ ಏರ್‌ಲೈನ್ಸ್‌ನ ಹೊಣೆ ಹೊತ್ತಿದ್ದ ಅವರು, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದಾಗಿ 1962ರಲ್ಲಿ ವಾಯುಪಡೆಯಿಂದಲೇ ಹೊರಬೀಳಬೇಕಾಯಿತು. ಚೀನಾ ಯುದ್ಧದ ನಡುವೆ ಮೆನನ್ ರಾಜೀನಾಮೆ ಕೊಟ್ಟ ಮೇಲೆ ಮರಳಿದರು. ಆ ಒಂದು ಆದೇಶ ಹಾಗೆಯೇ ಉಳಿದಿದ್ದರೆ 1965ರ ಪಾಠವನ್ನು 1971ಕ್ಕೆ ಒಯ್ಯುವವರು ಬೇರೆ ಯಾರಾಗಿರುತ್ತಿದ್ದರೋ. ವಾಯುಪಡೆಯ ನಿವೃತ್ತಿಯ ನಂತರ ಮತ್ತೆ ಇಂಡಿಯನ್ ಏರ್‌ಲೈನ್ಸ್‌ಗೆ ಮರಳಿದ್ದ ಅವರು, ತುರ್ತು ಪರಿಸ್ಥಿತಿಯ ದಿನಗಳಲ್ಲಿ ಅಲ್ಲಿಂದಲೂ ಹೊರಬಂದರು. ಕುರ್ಚಿಗಾಗಿ ಮಾತು ಬದಲಿಸುವ ಸ್ವಭಾವ ಅವರದಾಗಿರಲಿಲ್ಲ.

1982ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಅವರು ತೀರಿಕೊಂಡಾಗ ಬರೆಯುತ್ತಿದ್ದ ನೆನಪುಗಳು ಅರ್ಧಕ್ಕೇ ನಿಂತಿದ್ದವು. ಅವುಗಳನ್ನು ಜೋಡಿಸಿ, ಪೂರ್ಣಗೊಳಿಸಿ, 1986ರಲ್ಲಿ ಬೆಳಕಿಗೆ ತಂದವರು ಅವರ ಪತ್ನಿ ಇಲಾ ಲಾಲ್. ಆ ತಾಯಿಯ ಶ್ರಮವಿಲ್ಲದಿದ್ದರೆ ನನ್ನಂಥವನ ಕೈಗೆ ಏನೂ ಸಿಗುತ್ತಿರಲಿಲ್ಲ. ಪುಸ್ತಕವನ್ನು ಅವರ ನೆನಪಿಗೆ ಅರ್ಪಿಸಿದ್ದೇನೆ.

ಬರವಣಿಗೆಯ ನಡುವೆ ನನ್ನ ಕಣ್ಣಿಗೆ ಪೊರೆ ಬಂದು ಓದುವುದೇ ಕಷ್ಟವಾದಾಗ ಸೊಸೆ ಪ್ರತಿ ಸಂಜೆ ಓದಿ ಹೇಳಿದಳು, ನನ್ನ ಪತ್ನಿ ನಾನು ಹೇಳಿದ್ದನ್ನು ಬರೆದುಕೊಂಡಳು. ಗ್ರಂಥಾಲಯದ ಸಿಬ್ಬಂದಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಧೂಳು ಕೊಡವಿ ಮೇಜಿಗೆ ತಂದಿಟ್ಟರು. ಇವರೆಲ್ಲರಿಗೂ ನನ್ನ ನಮಸ್ಕಾರಗಳು. 1965ರಲ್ಲಾಗಲಿ 1971ರಲ್ಲಾಗಲಿ ಹ್ಯಾಂಗರ್‌ಗಳಲ್ಲಿ ರಾತ್ರಿ ಹಗಲು ವಿಮಾನ ಸಜ್ಜುಗೊಳಿಸಿದವರ ಮನೆಗಳಲ್ಲಿ ಆ ಕಾಲದ ಕಾಗದಪತ್ರ, ಡೈರಿಗಳಿದ್ದರೆ ನಕಲು ಕಳುಹಿಸಿಕೊಡಬೇಕೆಂದು ಅಂಥ ಕುಟುಂಬಗಳನ್ನು ಕೇಳಿಕೊಳ್ಳುತ್ತೇನೆ. ಎರಡನೆಯ ಮುದ್ರಣದಲ್ಲಿ ಅವರಿಗಾಗಿಯೇ ಒಂದು ಅಧ್ಯಾಯವನ್ನು ಸೇರಿಸುವುದೆಂದು ಪ್ರಕಾಶಕರೊಂದಿಗೆ ಮಾತಾಗಿದೆ.